ಉಜ್ಜುವ ಮೊದಲು ಕಲೆ ಯಾವುದೆಂದು ನೋಡಿ: ಅಲಾಯ್ ವೀಲ್ ತೊಳೆಯುವ ನನ್ನ ಕ್ರಮ

ನವಲಗುಂದ, ಅಣ್ಣಿಗೇರಿ ಕಡೆ ಓಡಾಡುವ ಗಾಡಿಯ ಅಲಾಯ್ ವೀಲ್ ಬಿಚ್ಚಿ ನೋಡಿದರೆ ಒಳಬದಿಗೆ ಎರಿ ಮಣ್ಣು ಒಣಗಿ ಕಲ್ಲಾಗಿ ಕೂತಿರುತ್ತದೆ. ಮುಖದ ಮೇಲೆ ಡಾಂಬರಿನ ಕರಿ ಚುಕ್ಕೆ, ಸ್ಪೋಕಿನ ಸಂದಿಯಲ್ಲಿ ಬ್ರೇಕಿನ ಕಂದು ಪುಡಿ, ಬೋರ್‌ವೆಲ್ ನೀರಿನ ಬಿಳಿ ಕಲೆ, ಖಂಡೆ ಪೂಜೆಯ (ಆಯುಧ ಪೂಜೆಯ) ಅರಿಷಿಣ. ಇವೆಲ್ಲಕ್ಕೂ ಒಂದೇ ಬಾಟಲಿ ಸಾಕು ಎಂದು ಆಸಿಡ್ ಸುರಿಯುವುದರಿಂದಲೇ ಒಳ್ಳೆಯ ವೀಲ್‌ಗಳು ಕೆಡುತ್ತಿವೆ. ಒಂದೊಂದು ಕಲೆ ಒಂದೊಂದಕ್ಕೆ ಕರಗುತ್ತದೆ. ಹುಬ್ಬಳ್ಳಿ-ಧಾರವಾಡದ ಗಾಡಿಗಳಿಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಕಲೆಗಿಂತ ಮೊದಲು ವೀಲಿನ ಮೇಲ್ಮೈ ನೋಡಬೇಕು. ಕಂಪನಿಯಿಂದ ಬರುವ ಬಹುಪಾಲು ವೀಲ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಡೈಮಂಡ್ ಕಟ್ ವೀಲಿನಲ್ಲಿ ಮುಖವನ್ನು ಲೇಥಿಗೆ ಹಾಕಿ ಸವರಿ, ಹೊಳೆಯುವ ಲೋಹದ ಮೇಲೆ ನೇರವಾಗಿ ಲ್ಯಾಕರ್ ಹೊಡೆದಿರುತ್ತಾರೆ. ಅಲ್ಲಿ ಬಣ್ಣದ ಆಸರೆ ಇಲ್ಲ, ಲ್ಯಾಕರ್ ಹೋದರೆ ಲೋಹ ಬಯಲಿಗೆ ಬಿದ್ದಂತೆಯೇ. ಹೊರಗಿನಿಂದ ತಂದು ಹಾಕಿದ ಕೆಲವು ವೀಲ್‌ಗಳಲ್ಲಿ ಲ್ಯಾಕರ್ ಇರುವುದೇ ಇಲ್ಲ, ಬರೀ ಪಾಲಿಶ್ ಮಾಡಿದ ಲೋಹ. ಅನುಮಾನ ಬಂದರೆ ಸ್ಪೋಕಿನ ಅಂಚಿನಲ್ಲಿ ಕಾಣದ ಕಡೆ ಬಿಳಿ ಅರಿವಿಗೆ ಒಂದು ಹನಿ ಮೆಟಲ್ ಪಾಲಿಶ್ ಹಚ್ಚಿ ಮೆಲ್ಲಗೆ ಐದಾರು ಸಲ ತಿಕ್ಕುತ್ತೇನೆ. ಅರಿವಿ ಕಪ್ಪಾದರೆ ಅದು ಬರೀ ಲೋಹ. ವೀಲಿನ ಬಣ್ಣವೇ ಅರಿವಿಗೆ ಬಂದರೆ ಬಣ್ಣದ ಮೇಲೆ ಲ್ಯಾಕರ್ ಇಲ್ಲ. ಏನೂ ಬರದಿದ್ದರೆ ಲ್ಯಾಕರ್ ಇದೆ. ಬರೀ ಲೋಹಕ್ಕೆ ಶಾಂಪೂ ನೀರು ಮತ್ತು ಮೆಟಲ್ ಪಾಲಿಶ್ ಬಿಟ್ಟು ಆಮ್ಲ, ಕ್ಷಾರ ಯಾವುದನ್ನೂ ನಾನು ಸೋಕಿಸುವುದಿಲ್ಲ.

ಡೈಮಂಡ್ ಕಟ್ ವೀಲಿನ ಅಂಚಿನಲ್ಲಿ ಬಿಳಿ ಹುಳು ಹರಿದಂತೆ ಗೆರೆಗಳು ಕಂಡರೆ ಅದು ಕಲೆಯಲ್ಲ. ಕಲ್ಲು ಬಡಿದು ಲ್ಯಾಕರ್ ಒಡೆದ ಕಡೆ ನೀರು ಒಳಸೇರಿ, ಕೆಳಗಿನ ಅಲ್ಯೂಮಿನಿಯಂ ಸವೆಯುತ್ತಿರುವ ಗುರುತು. ಎಷ್ಟು ತೊಳೆದರೂ ಹೋಗದು, ತಿಕ್ಕಿದರೆ ಲ್ಯಾಕರ್ ಇನ್ನಷ್ಟು ಏಳುತ್ತದೆ. ಲ್ಯಾಕರ್ ತೆಗೆದು, ಮತ್ತೆ ಸವರಿ, ಹೊಸದಾಗಿ ಹೊಡೆಸುವುದೊಂದೇ ದಾರಿ.

ಇನ್ನು ಬಿಸಿ. ಓಡಿಸಿ ತಂದ ಗಾಡಿಯ ವೀಲಿಗೆ ಕೂಡಲೇ ನೀರು ಹಾಕಬಾರದು. ಕಾದ ಬ್ರೇಕ್ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಅಪಾಯವಿದೆ. ಬಿಸಿ ವೀಲಿನ ಮೇಲೆ ಯಾವ ರಾಸಾಯನಿಕವಾದರೂ ಕೆಲಸ ಮಾಡುವ ಮೊದಲೇ ಒಣಗಿ ಹೊಸ ಕಲೆ ಮಾಡುತ್ತದೆ. ನೆರಳಿನಲ್ಲಿ ಕನಿಷ್ಠ ಮುಕ್ಕಾಲು ತಾಸು ನಿಲ್ಲಿಸಿ, ಅಂಗೈ ಇಟ್ಟರೆ ತಣ್ಣಗೆ ಹತ್ತಬೇಕು. ಬ್ಯಾಸಗಿಯಲ್ಲಿ ಬೆಳಗಿನ 8ರೊಳಗೆ ಮುಗಿಸುವುದೇ ಲೇಸು. ಒಂದು ವೀಲ್ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ನಾಲ್ಕಕ್ಕೂ ಒಮ್ಮೆಗೇ ಸಿಂಪಡಿಸಿದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ಮಣ್ಣಿಗೆ ರಾಸಾಯನಿಕ ಬೇಡ, ನೆನೆಸಿದರೆ ಸಾಕು. ಎರಿ ಮಣ್ಣಿನ ಕಣ ಬಹಳ ನುಣುಪು, ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ. ಒಣಗಿದ್ದಾಗ ಕೆರೆದರೆ ಅದರೊಳಗಿನ ಮರಳು ಲ್ಯಾಕರನ್ನು ಗೀರುತ್ತದೆ. ಹಳೇ ಟವೆಲ್ ತೋಯಿಸಿ ವೀಲಿಗೆ ಹೊದಿಸಿ 10 ನಿಮಿಷ ಬಿಟ್ಟರೆ ಮಣ್ಣು ಮತ್ತೆ ಉಬ್ಬಿ ತಾನೇ ಸಡಿಲಾಗುತ್ತದೆ. ಆಮೇಲೆ ಪೈಪಿನ ನೀರು. ಪ್ರೆಶರ್ ವಾಷರ್ ಇದ್ದರೆ ಒಂದು ಅಡಿ ದೂರ ಹಿಡಿಯಿರಿ, ಲ್ಯಾಕರ್ ಎದ್ದ ಕಡೆಗೂ ಟೈರಿನ ವಾಲ್ವಿಗೂ ನೇರ ಹೊಡೆಯಬೇಡಿ. ನಂತರ 10 ಲೀಟರ್ ನೀರಿಗೆ 20 ಮಿಲಿ ಕಾರ್ ಶಾಂಪೂ ಹಾಕಿ ಮೆತ್ತನೆಯ ಬ್ರಶ್‌ನಿಂದ ತೊಳೆಯುತ್ತೇನೆ. ಬ್ರಶ್ ಜಾಲಿಸಲು ಬೇರೆ ಬಕೀಟು ಇರಲಿ. ವೀಲಿಗೆ ಬಳಸಿದ ಅರಿವಿ, ಬ್ರಶ್ಶನ್ನು ಗಾಡಿಯ ಮೈಗೆ ಎಂದೂ ಮುಟ್ಟಿಸಬೇಡಿ, ಅದರಲ್ಲಿ ಕಬ್ಬಿಣದ ಪುಡಿ ಸೇರಿಕೊಂಡಿರುತ್ತದೆ.

ಒಳಬದಿಯ ಮಣ್ಣನ್ನು ಬಹಳ ಜನ ಕಡೆಗಣಿಸುತ್ತಾರೆ. ಒಂದು ಕಡೆ ಹೆಂಟೆಯಾಗಿ ಕೂತ ಮಣ್ಣು ವೀಲಿನ ಬ್ಯಾಲೆನ್ಸ್ ಕೆಡಿಸುತ್ತದೆ. ಬೈಪಾಸಿನಲ್ಲಿ ವೇಗ 80 ದಾಟಿದಾಗ ಸ್ಟಿಯರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ಅಲ್ಲಿ ಬೆರಳಾಡಿಸಿ ನೋಡಿ.

ಡಾಂಬರಿಗೆ ನೀರು ತಾಗದು, ಎಣ್ಣೆಯ ಜಾತಿಯದೇ ಬೇಕು. ಟಾರ್ ರಿಮೂವರ್ ಉತ್ತಮ, ಸಿಗದಿದ್ದರೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಅಥವಾ ಚಿಮಣಿ ಎಣ್ಣೆ. ವೀಲನ್ನು ಮೊದಲು ಒರೆಸಿ ಒಣಗಿಸಬೇಕು. ಒದ್ದೆ ಇದ್ದರೆ ನೀರಿನ ಪದರ ಅಡ್ಡ ಬಂದು ದ್ರಾವಣ ಚುಕ್ಕೆಯನ್ನು ಮುಟ್ಟುವುದೇ ಇಲ್ಲ. ಸುರಿಯುವ ಬದಲು ಅರಿವಿಗೆ ಹಾಕಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದು, ಕಂದು ಇಳಿಯತೊಡಗಿದಾಗ ಒರೆಸುತ್ತೇನೆ. ಎಣ್ಣೆ ಟೈರಿಗೆ ಇಳಿದರೆ ರಬ್ಬರು ಉಬ್ಬುತ್ತದೆ, ಡಿಸ್ಕಿಗೆ ಇಳಿದರೆ ಬ್ರೇಕ್ ಜಾರುತ್ತದೆ. ಮುಗಿದ ಮೇಲೆ ಶಾಂಪೂ ನೀರಿನಿಂದ ಜಿಡ್ಡು ಪೂರ್ತಿ ಹೋಗಬೇಕು, ಇಲ್ಲವಾದರೆ ಮುಂದೆ ಬ್ರೇಕಿನ ಪುಡಿಗೆ ಹಾಕುವ ಐರನ್ ರಿಮೂವರ್ ಹತ್ತುವುದಿಲ್ಲ. ಥಿನ್ನರ್ ಬೇಡ, ಬಣ್ಣವನ್ನೇ ಕರಗಿಸುತ್ತದೆ. ಪೆಟ್ರೋಲ್ ಬೆಂಕಿಯ ಅಪಾಯ.

ಎಲ್ಲಕ್ಕಿಂತ ಮೊಂಡು ಎಂದರೆ ಬ್ರೇಕಿನ ಪುಡಿ. ಡಿಸ್ಕ್ ಮತ್ತು ಪ್ಯಾಡ್ ತಿಕ್ಕಿ ಹಾರುವ ಕಬ್ಬಿಣದ ಕಣ ಕೆಂಡದಂತೆ ಬಿಸಿ ಇರುತ್ತದೆ, ಲ್ಯಾಕರಿಗೆ ಬಡಿದಲ್ಲಿ ನಾಟಿಕೊಳ್ಳುತ್ತದೆ. ಮೇಲೆ ಪ್ಯಾಡಿನ ಅಂಟು ಮುಚ್ಚುತ್ತದೆ. ಮಳೆಗೆ ಆ ಕಣ ತುಕ್ಕು ಹಿಡಿದು ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಯಾಗುತ್ತದೆ. ಮುಂದಿನ ವೀಲಿನಲ್ಲೇ ಇದು ಹೆಚ್ಚು, ಹಿಂದೆ ಡ್ರಮ್ ಬ್ರೇಕ್ ಇದ್ದರಂತೂ ಅಲ್ಲಿ ತೀರ ಕಡಿಮೆ. ನಾಟಿದ ಕಣವನ್ನು ತಿಕ್ಕಿ ತೆಗೆಯಲು ಹೋದರೆ ಅದು ಲ್ಯಾಕರನ್ನು ಕೊರೆದುಕೊಂಡೇ ಬರುತ್ತದೆ. ಅದಕ್ಕೆ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಇರುವ, ಪಿಎಚ್ ತಟಸ್ಥಕ್ಕೆ ಹತ್ತಿರವಾದ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಐರನ್ ರಿಮೂವರ್ ಬೇಕು. ಕಬ್ಬಿಣದೊಡನೆ ಕೂಡಿ ನೇರಳೆ ಬಣ್ಣಕ್ಕೆ ತಿರುಗಿ, ಕಣವನ್ನು ನೀರಿಗೆ ಕರಗುವಂತೆ ಮಾಡುತ್ತದೆ. ಕೊಳೆತ ತತ್ತಿಯ ವಾಸನೆ ಇರುವುದರಿಂದ ಬಯಲಿನಲ್ಲೇ ಕೆಲಸ, ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ.

16 ಇಂಚಿನ ವೀಲಿನ ಮುಖಕ್ಕೆ ನನಗೆ 50 ಮಿಲಿ ಸಾಕಾಗುತ್ತದೆ, ಒಳಬದಿ ಸೇರಿದರೆ 80. ನೀರು ಹನಿಯದ ಹಾಗೆ ಒರೆಸಿ ಸಿಂಪಡಿಸಿ, 3ರಿಂದ 5 ನಿಮಿಷ ಬಿಡುತ್ತೇನೆ. ಎರಡನೇ ನಿಮಿಷಕ್ಕೆ ಮೆತ್ತನೆಯ ಬ್ರಶ್ಶಿನಿಂದ ಒಮ್ಮೆ ಕದಡಿ, ನಟ್ಟಿನ ಕುಳಿಗಳಿಗೆ ಹಳೇ ಟೂತ್‌ಬ್ರಶ್ ಹಾಕುತ್ತೇನೆ. ಒಣಗಲು ಬಿಟ್ಟರೆ ನೇರಳೆ ಕಲೆ ಅಚ್ಚೊತ್ತುತ್ತದೆ. ಹಾಗೇನಾದರೂ ಆದರೆ ಅದರ ಮೇಲೆ ಅದೇ ದ್ರಾವಣ ಮತ್ತೆ ಹೊಡೆದು, ಒದ್ದೆಯಾದ ಕೂಡಲೇ ಕದಡಿ ತೊಳೆಯಿರಿ, ಬಹುತೇಕ ಬಿಡುತ್ತದೆ. ವರ್ಷಗಟ್ಟಲೆ ಕೂತ ಪುಡಿಗೆ ಒಂದು ಸುತ್ತು ಸಾಲದು. ಒಂದೇ ಸಲ ಅರ್ಧ ತಾಸು ಬಿಡುವುದಕ್ಕಿಂತ ಐದೈದು ನಿಮಿಷದ ಮೂರು ಸುತ್ತು ಒಳ್ಳೆಯದು. ಆಮೇಲೂ ಕೈಗೆ ಒರಟು ಹತ್ತಿದರೆ ಶಾಂಪೂ ನೀರು ಹರಿಸುತ್ತ ಕ್ಲೇ ಬಾರ್ (ನಾಟಿದ ಕಣವನ್ನು ಎತ್ತುವ ಮೆತ್ತನೆಯ ಜೇಡಿಯಂಥ ತುಂಡು) ಆಡಿಸುತ್ತೇನೆ. ಸ್ಟೀಲ್ ಉಣ್ಣೆ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಡವೇ ಬೇಡ.

ಆಸಿಡ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಸಂಡಾಸು ತೊಳೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಗುರುತಿಲ್ಲದ ಡಬ್ಬಿಯಲ್ಲಿ ಬರುವ ಕೆಲವು ವೀಲ್ ಆಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೂ ಇರಬಹುದು. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೆ ಹಾನಿ ಮಾಡುತ್ತದೆ, ಮೊದಮೊದಲು ಉರಿ ಕೂಡ ತಿಳಿಯದೇ ಇರಬಹುದು. ವೀಲಿನಲ್ಲಿ ಲ್ಯಾಕರ್ ಸೀಳಿದ ಸಂದಿಯಿಂದ ಆಸಿಡ್ ಒಳಹೋಗಿ ಬಿಳಿ ಮಂಜಿನಂಥ ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿಂದೇ ಹಾಕುತ್ತದೆ. ಐರನ್ ರಿಮೂವರ್ ಇರುವಾಗ ಅದರ ಮೇಲೆ ಯಾವ ಆಮ್ಲವನ್ನೂ ಹಾಕಬೇಡಿ, ವಿಷಾನಿಲ ಏಳುತ್ತದೆ. ನಡುವೆ ಧಾರಾಳ ನೀರು ಬೇಕು.

ಆಮ್ಲಕ್ಕೆ ಕೆಲಸ ಇರುವುದು ಬೋರ್‌ವೆಲ್ ನೀರಿನ ಬಿಳಿ ಕಲೆಗೆ, ಅದೂ ಸೌಮ್ಯದ್ದು. ಬಿಳಿ ವಿನೆಗರಿಗೆ ಸಮ ನೀರು ಬೆರೆಸಿ, ಅಥವಾ ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಅರಿವಿ ತೋಯಿಸಿ ಎರಡು ನಿಮಿಷ ಇಟ್ಟು ತೊಳೆಯಿರಿ. ಕಾಂಕ್ರೀಟ್ ರಸ್ತೆಯ ಕೆಲಸ ನಡೆಯುವ ಕಡೆ ಸಿಡಿದ ಸಿಮೆಂಟಿಗೂ ಇದೇ ದ್ರಾವಣ, ಆದರೆ ನಾಲ್ಕೈದು ಸುತ್ತು ಬೇಕು. ಸಿಮೆಂಟು ಕ್ಷಾರ, ದಿನಗಟ್ಟಲೆ ಬಿಟ್ಟರೆ ಲ್ಯಾಕರ್ ಮಂಕಾಗುತ್ತದೆ. ಸಿಡಿದ ದಿನವೇ ನೀರು ಹಾಕಿದರೆ ಈ ಕಷ್ಟವೇ ಇಲ್ಲ.

ಅರಿಷಿಣಕ್ಕೆ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದನ್ನು ಕಂಡು ಬಣ್ಣ ಕೆಟ್ಟಿತೆಂದು ಗಾಬರಿ ಬೀಳುವವರಿದ್ದಾರೆ. ಅರಿಷಿಣದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಅಷ್ಟೇ. ಅದು ನೀರಿಗೆ ಕರಗದು, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಕರಗುತ್ತದೆ. ಅರಿವಿಗೆ ಹಾಕಿ ಒತ್ತಿ ಒರೆಸಿ. ಉಳಿದ ತೆಳು ಹಳದಿಯನ್ನು ನಾಲ್ಕೈದು ದಿನದ ಬಿಸಿಲು ತಾನೇ ಮಾಸಿಸುತ್ತದೆ.

ವೀಲ್ ಸಮವಾಗಿ ತಿರುಗಲೆಂದು ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಕಿತ್ತ ಜಾಗದ ಅಂಟಿಗೆ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಕೊಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ, ಉಳಿದದ್ದನ್ನು ಟಾರ್ ರಿಮೂವರ್‌ನಿಂದ ಒರೆಸಿ. ಸ್ಕ್ರೂಡ್ರೈವರ್ ಹಾಕಿದರೆ ಗೀರು ಬಿದ್ದಂತೆಯೇ. ಈಗಿರುವ ತೂಕವನ್ನು ಮಾತ್ರ ಕದಲಿಸಬೇಡಿ.

ಒಳಬದಿಗೆ ವೀಲ್ ಬಿಚ್ಚಲೇಬೇಕು. ಸಮ ನೆಲ, ಹ್ಯಾಂಡ್‌ಬ್ರೇಕ್, ಎದುರಿನ ವೀಲಿಗೆ ಕಲ್ಲು, ಜಾಕಿನ ಜೊತೆ ಸ್ಟ್ಯಾಂಡ್. ತಿರುಗಿ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದ. ಅಳತೆ ಗಾಡಿಯ ಪುಸ್ತಕದಲ್ಲಿದೆ, ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100 ನ್ಯೂಟನ್-ಮೀಟರ್ ಆಸುಪಾಸು. 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಪೂರ್ತಿ ಒಣಗಿದ ಮೇಲೆ ಆಲ್ಕೋಹಾಲ್‌ನಿಂದ ಒರೆಸಿ ವೀಲ್ ಸೀಲಂಟ್ (ಕೊಳೆ ಅಂಟದಂತೆ ಕಾಯುವ ಲೇಪ) ತೆಳ್ಳಗೆ ಹಚ್ಚುತ್ತೇನೆ, ದಪ್ಪ ಹಚ್ಚಿದರೆ ಪಟ್ಟೆ ಬೀಳುತ್ತದೆ. ಡಿಸ್ಕಿಗೆ ಒಂದು ಹನಿಯೂ ತಾಗಬಾರದು. 12 ತಾಸು ನೀರು ತಾಗದಂತೆ ನಿಲ್ಲಿಸಿ. ಮುಂದೆ ಹದಿನೈದು ದಿನಕ್ಕೊಮ್ಮೆ ಶಾಂಪೂ ನೀರು ಹಾಕಿದರೆ ಪುಡಿ ಜಾರಿಹೋಗುತ್ತದೆ, ಐರನ್ ರಿಮೂವರ್ ಮೂರು ತಿಂಗಳಿಗೊಮ್ಮೆ ಬೇಕಾದರೆ ಹೆಚ್ಚು. ಗಾಡಿ ಹೊರಡಿಸಿದಾಗ ಮೊದಲ ನೂರು ಮೀಟರ್ ಮೆಲ್ಲಗೆ ಹೋಗಿ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿಕೊಳ್ಳಿ.