ಕಟ್ಟುವ ದಿನ ಹತ್ತೊಂಬತ್ತು ಜನ, ಬಿಚ್ಚುವ ದಿನ ಐದು

ದೀಪಾವಳಿ ಮುಗಿಯುತ್ತಿದ್ದಂತೆ ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವುದು ನಮ್ಮ ವಾಲಿಬಾಲ್ ತಂಡದ ಹಳೇ ಚಾಳಿ. ಹೊನಲು ಬೆಳಕಿನ ಪಂದ್ಯಾವಳಿ, ಪ್ರಥಮ 10,001, ದ್ವಿತೀಯ 7,001, ಜತೆಗೆ ಆಕರ್ಷಕ ಪಾರಿತೋಷಕ. ದುಡ್ಡು ಊರಿನದು, ಅಂಕಣದ ಜಾಗ ಊರಿನದು, ರಾತ್ರಿ ಆಟಗಾರರಿಗೆ ಹಾಕುವ ಅವಲಕ್ಕಿಯೂ ಊರಿನದೇ. ಸ್ಮ್ಯಾಶ್ ಹೊಡೆಯುವುದು ಮಾತ್ರ ನಮ್ಮದು.

2023ರ ನವೆಂಬರಿನಲ್ಲಿ ಕೆಳಗಿನಮನೆ ಅಜ್ಜ 101 ರೂಪಾಯಿ ಎಣಿಸಿ ಕೊಟ್ಟು, ರಶೀದಿಯನ್ನು ಕನ್ನಡಕದ ಹತ್ತಿರ ಹಿಡಿದು ಪೂರ್ತಿ ಓದಿ, "ಚೆಂಡಿಗೆ ಗಾಳಿ ಹಾಕಲೆ ದುಡ್ಡು ಕೊಟ್ಟಾತು ತಮಾ, ಬಾವಿಗೆ ನೀರು ಯಾರು ಹಾಕ್ತ?" ಅಂದರು. ನಾವು ನಕ್ಕೆವು. ಅಜ್ಜ ನಗಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು, ರಾಜ್ಯದಲ್ಲಿ ಬರ ಘೋಷಣೆಯಾಗಿತ್ತು. ಶಿರಸಿ-ಸಿದ್ದಾಪುರದ ನಡುವಿನ ನಮ್ಮಂಥ ಊರಿನವರಿಗೆ ಬರ ಅಂದರೆ ಬಯಲುಸೀಮೆಯ ಸುದ್ದಿ, ಪೇಪರಿನಲ್ಲಿ ಓದಿ ಮಡಚಿಡುವಂಥದ್ದು. ಮಳೆಗಾಲದಲ್ಲಿ ಸಂಕದ ಮೇಲೆ ಉಕ್ಕುವ ಹಳ್ಳ ಅದೇ ನವೆಂಬರಿನಲ್ಲಿ ಪಾದ ಮುಳುಗುವಷ್ಟು ಹರಿಯುತ್ತಿತ್ತು. ಅಜ್ಜನ ಬಾವಿ ಆ ಹಳ್ಳದಿಂದ ನಲವತ್ತು ಹೆಜ್ಜೆ. ಮಾರ್ಚಿನಲ್ಲಿ ಮಾರಿಜಾತ್ರೆ ಬೇರೆ, ಮನೆಮನೆಗೂ ನೆಂಟರು ಬರುವ ವರ್ಷ.

ಇದಕ್ಕೂ ಮೊದಲು ನಾವು ಸಮಾಜಸೇವೆ ಮಾಡಿರಲಿಲ್ಲ ಅಂತಲ್ಲ. ಹಿಂದಿನ ವರ್ಷ ಬಸ್ ತಂಗುದಾಣಕ್ಕೆ ಬಣ್ಣ ಬಳಿದಿದ್ದೆವು. ಪಾಚಿ ಕೆರೆಯದೆ, ಗೋಡೆ ಒಣಗುವವರೆಗೆ ಕಾಯದೆ ಬಳಿದ ಬಣ್ಣ ಮೊದಲ ಮಳೆಗೇ ಹಪ್ಪಳದಂತೆ ಎದ್ದಿತು. ವಾಟ್ಸಾಪಿನಲ್ಲಿ ಫೋಟೋ ಮಾತ್ರ ಇವತ್ತಿಗೂ ಚೆನ್ನಾಗಿದೆ.

ಹಾಗಾಗಿ ಈ ಸಲ ಬಾಂದಾರ ಕಟ್ಟುವುದೆಂದು ಆಯಿತು. ಹಳ್ಳಕ್ಕೆ ಅಡ್ಡಲಾಗಿ ಮರಳು ತುಂಬಿದ ಚೀಲಗಳ ತಾತ್ಕಾಲಿಕ ಒಡ್ಡು. ನಮ್ಮ ಅಜ್ಜಂದಿರ ಕಾಲದಲ್ಲಿ ಗೂಟ, ಅಡಿಕೆ ದಬ್ಬೆ, ಸೊಪ್ಪು, ಜೇಡಿಮಣ್ಣಿನಲ್ಲಿ ಇದನ್ನೇ ಕಟ್ಟುತ್ತಿದ್ದರಂತೆ. ಮನೆಗೊಂದು ಪಂಪ್ ಬಂದ ಮೇಲೆ ನಿಂತು ಹೋಗಿತ್ತು. ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟೆವು. ಹಳ್ಳದ ಬಲದಂಡೆ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ತಾಗಿದ್ದರಿಂದ ಅರಣ್ಯದವರಿಗೂ ಒಂದು ಪ್ರತಿ. ಡಿಸೆಂಬರ್ 17, ಭಾನುವಾರ, ಹತ್ತೊಂಬತ್ತು ಜನ ಇಳಿದೆವು.

ನಿಜ ಹೇಳಬೇಕೆಂದರೆ ತಡವಾಗಿತ್ತು. ಅಡಿಕೆಯ ಕೊನೆಕೊಯ್ಲು ಶುರುವಾದರೆ ನಮ್ಮ ಅರ್ಧ ತಂಡ ತೋಟದಲ್ಲಿರುತ್ತದೆ. ನಮ್ಮ ಅಟ್ಯಾಕರ್ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನೂ ಹೌದು, ಅವನಿಗೆ ಆ ದಿನಗಳಲ್ಲಿ ಮರದಿಂದ ಕೆಳಗಿಳಿಯಲು ಪುರುಸೊತ್ತಿಲ್ಲ. ಆದರೂ ಒಂದೇ ದಿನದಲ್ಲಿ 280 ಚೀಲ ಏರಿಸಿ, ಮೂರಡಿ ಎತ್ತರ ಮಾಡಿ, ಮೇಲೆ ಕೇರಂ ಬೋರ್ಡಿನಂತೆ ಸಮತಟ್ಟು ಮಾಡಿ, ಅದರ ಮೇಲೆ ಸಾಲಾಗಿ ನಿಂತು ಫೋಟೋ ಹೊಡೆಸಿಕೊಂಡೆವು.

ಆ ಸಮತಟ್ಟೇ ತಪ್ಪು. ತುಂಬಿದ ನೀರಿಗೆ ಎಲ್ಲಿಂದಲಾದರೂ ಹೊರಗೆ ಹೋಗಲೇಬೇಕು. ನಾವು ನಡುವೆ ದಾರಿ ಬಿಟ್ಟಿರಲಿಲ್ಲ. ಅದು ಎಡದಂಡೆ ಮತ್ತು ಚೀಲ ಸೇರುವ ಸಂದಿಯಲ್ಲಿ ಬೆರಳಿನಷ್ಟು ದಾರಿ ಹುಡುಕಿಕೊಂಡಿತು. ಆರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬಾಂದಾರ ಗಟ್ಟಿಯಾಗಿ ನಿಂತಿದೆ, ಹಳ್ಳ ಅದರ ಪಕ್ಕದಲ್ಲಿ ಹರಿಯುತ್ತಿದೆ! ದಂಡೆಯ ಮಣ್ಣು ಎಂಟು ಅಡಿ ಕೊರೆದುಹೋಗಿತ್ತು. ಮೂರು ಅಡಿಕೆ ಮರಗಳ ಬೇರು ಗಡ್ಡದಂತೆ ಗಾಳಿಯಲ್ಲಿ ನೇತಾಡುತ್ತಿತ್ತು. ಮೂರೂ ಫಸಲಿನ ಮರ, ಗೊನೆ ಇನ್ನೂ ಕೊಯ್ದಿರಲಿಲ್ಲ.

ತೋಟದವರು ಬೈದಿದ್ದರೆ ವಾಸಿಯಿತ್ತು. ಅವರು ಬಂದು, ನೋಡಿ, "ಕಲ್ಲು ಕಟ್ಟಿಕೊಡಿ" ಎಂದಷ್ಟೇ ಹೇಳಿ ಹೋದರು. ಎರಡು ಭಾನುವಾರ ಕಲ್ಲು ಹೊತ್ತೆವು. ಎರಡು ಮರ ಉಳಿದವು, ಒಂದು ಮಲಗಿತು. ಬೇರೆಯವರ ಜಾಗದ ಪಕ್ಕದಲ್ಲಿ ಸೇವೆ ಮಾಡುವಾಗ ಕೈಯಲ್ಲಿರುವ ಹಾರೆ ಎರಡು ಕಡೆ ಚೂಪು ಅಂತ ಗೊತ್ತಾಗಿದ್ದು ಆಗ.

ಮರುವರ್ಷ, 2024ರಲ್ಲಿ, ಕೊಯ್ಲಿಗೆ ಮುಂಚೆಯೇ ನವೆಂಬರ್ 24ಕ್ಕೆ ಇಟ್ಟುಕೊಂಡೆವು. ಹಿಂಗಾರಿನ ದೊಡ್ಡ ಮಳೆ ಮುಗಿದಿರಬೇಕು, ಹಳ್ಳದಲ್ಲಿ ಹರಿವೂ ಇರಬೇಕು. ಈ ಎರಡರ ನಡುವಿನ ಕಿಂಡಿ ನಮ್ಮಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರ. ಜಾಗವನ್ನೂ ಬದಲಿಸಿದೆವು. ಕೆಳಗಿನಮನೆ ಅಜ್ಜ ಕೋಲೂರಿಕೊಂಡು ಬಂದು, ಹಳ್ಳದ ತಳದಲ್ಲಿ ಹಾಸುಗಲ್ಲು ಇರುವ, ಎರಡೂ ದಂಡೆ ಜಂಬಿಟ್ಟಿಗೆಯ ಒಂದು ಇಕ್ಕಟ್ಟು ತೋರಿಸಿದರು. ಅಗಲ ಇಪ್ಪತ್ತಾರು ಅಡಿ.

ಮಾಡಿದ ರೀತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ತಳ ಆರಡಿ ಅಗಲ, ಮೇಲೆ ಬರುತ್ತ ಮೂರಡಿ, ಎತ್ತರ ಮೂರೂಕಾಲು. ಇದಕ್ಕೆ 412 ಚೀಲ ಹಿಡಿಯಿತು. ಚೀಲವನ್ನು ಬಾಯಿಯವರೆಗೆ ತುಂಬಬಾರದು. ಬಾಯಿತನಕ ತುಂಬಿದ ಚೀಲ ಕುಂಬಳಕಾಯಿಯಂತೆ ಉರುಳುತ್ತದೆ, ಮುಕ್ಕಾಲು ತುಂಬಿದ್ದು ಹಾಸಿಗೆಯಂತೆ ಕೂರುತ್ತದೆ. ಬಾಯಿ ಹೊಲಿದು, ಹೊಲಿದ ಬದಿಯನ್ನು ಒಳಗೆ ಹಾಕಿ, ಇಟ್ಟಿಗೆ ಕಟ್ಟಿದ ಹಾಗೆ ಸಂದಿಯ ಮೇಲೆ ಸಂದಿ ಬಾರದಂತೆ ಜೋಡಿಸಿ ತುಳಿಯಬೇಕು. ತುಳಿಯುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಬಿಟ್ಟೆವು, ಅವರಷ್ಟು ನಿಷ್ಠೆಯಿಂದ ಯಾರೂ ಕುಣಿಯುವುದಿಲ್ಲ. ಮರಳನ್ನು ದಂಡೆ ಕಡಿದು ತೆಗೆಯಬಾರದು, ಹಳ್ಳದ ತಳದಲ್ಲಿ ಬಾಂದಾರದ ಮೇಲ್ಬದಿಯಲ್ಲೇ ತೆಗೆಯಬೇಕು. ಮೇಲ್ಬದಿಗೆ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಹಾಳೆ) ಹಾಸಿ, ಅದರ ತುದಿಯನ್ನು ಮೊದಲ ಸಾಲಿನ ಕೆಳಗೆ ಸಿಕ್ಕಿಸಿ, ಬುಡಕ್ಕೆ ಜೇಡಿಮಣ್ಣು ಮೆತ್ತಿದೆವು. ಮತ್ತೆ ಮುಖ್ಯವಾದದ್ದು: ನಡುವೆ ಆರಡಿ ಅಗಲಕ್ಕೆ ಒಂದು ಸಾಲು ಚೀಲ ಕಡಿಮೆ. ತುಂಬಿದ ನೀರು ಅಲ್ಲಿಂದ ಹಾಸುಗಲ್ಲಿನ ಮೇಲೆ ಬೀಳಬೇಕು, ದಂಡೆಯ ತಂಟೆಗೆ ಹೋಗಬಾರದು.

ಒದ್ದೆ ಮರಳಿನ ಒಂದು ಚೀಲ ನಲವತ್ತೈದು ಕಿಲೋ ಹಿಡಿದರೂ ಒಟ್ಟು ಹದಿನೆಂಟು ಟನ್ನಿನ ಮೇಲಾಯಿತು. ಸಂಜೆ ಸರ್ವಿಸ್ ಹಾಕಲು ಯಾರ ಕೈಯೂ ಏಳಲಿಲ್ಲ. ಖರ್ಚು ಚೀಲ, ಸಿಲ್ಪಾಲಿನ್, ಪೈಪು ಎಲ್ಲ ಸೇರಿ ಆರು ಸಾವಿರದ ಆಸುಪಾಸು. ಊಟ ಅಜ್ಜನ ಮನೆಯಲ್ಲಿ, ಅಪ್ಪೆಹುಳಿ ಕುಡಿದೇ ಅರ್ಧ ಹೊಟ್ಟೆ ತುಂಬಿತು.

ಪೈಪಿನ ಕತೆ ಬೇರೆ. ಬಾಂದಾರ ತುಂಬುವ ಎರಡು ದಿನ ಕೆಳಗೆ ಹನಿ ನೀರು ಹೋಗಲಿಲ್ಲ. ಮೂರನೇ ದಿನ ಕೆಳಗಿನ ಕೇರಿಯವರೊಬ್ಬರು ಪಂಪಿನ ಫುಟ್‌ವಾಲ್ವನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು. ಅವರು ಹೇಳಿದ್ದು ನ್ಯಾಯವೇ, ನೀರು ನಮ್ಮ ತಂಡದ ಜರ್ಸಿ ಹಾಕಿಕೊಂಡಿಲ್ಲ. ಅದೇ ದಿನ ನಾಲ್ಕಿಂಚಿನ ಪಿವಿಸಿ ಪೈಪು ತಂದು ತಳದ ಸಾಲಿನಲ್ಲಿ ಸೇರಿಸಿದೆವು. ಕಟ್ಟುವಾಗಲೇ ಹಾಕಿದ್ದರೆ ಅರ್ಧ ಗಂಟೆಯ ಕೆಲಸ, ಆಮೇಲೆ ಹಾಕಲು ಅರ್ಧ ದಿನ ಹೋಯಿತು.

ಪ್ರತಿ ಭಾನುವಾರ ಗಂಟು ಹಾಕಿದ ಹಗ್ಗ ಇಳಿಸಿ ಮೂರು ಬಾವಿ ಅಳೆದೆವು. ಅಜ್ಜನ ಬಾವಿ 2024ರ ಏಪ್ರಿಲಿನಲ್ಲಿ ಕೊಡ ಮುಳುಗದ ಸ್ಥಿತಿಗೆ ಬಂದಿತ್ತು, 2025ರ ಏಪ್ರಿಲಿನಲ್ಲಿ ಎರಡೂವರೆ ಮೊಳ ನೀರಿತ್ತು. ನಮ್ಮ ಹುಡುಗರು ಇದೆಲ್ಲ ಬಾಂದಾರದ್ದೇ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2024ರಲ್ಲಿ ಮಳೆಯೇ ಚೆನ್ನಾಗಿ ಆಗಿತ್ತು. ಹಳ್ಳದಿಂದ ದೂರದ ಮೂರನೇ ಬಾವಿಯಲ್ಲೂ ಒಂದು ಮೊಳ ಹೆಚ್ಚಿತ್ತಲ್ಲ, ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಒಂದೂವರೆ ಮೊಳದಲ್ಲಿ ಎಷ್ಟು ನಮ್ಮದೋ, ಅಷ್ಟು.

ಈಗ ಮೇ ತಿಂಗಳಿಗೆ ಬರೋಣ. ಕಟ್ಟುವ ವಿಷಯ ಎಲ್ಲರೂ ಬರೆಯುತ್ತಾರೆ, ಬಿಚ್ಚುವುದನ್ನು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಸಿಮೆಂಟ್ ಚೀಲ, ಗೊಬ್ಬರದ ಚೀಲ ಎಲ್ಲ ಪ್ಲಾಸ್ಟಿಕ್ ನೇಯ್ಗೆ. ಆರು ತಿಂಗಳು ಬಿಸಿಲು ಕುಡಿದ ಮೇಲೆ ಉಗುರು ತಾಗಿದರೆ ಎಳೆಎಳೆಯಾಗಿ ಬಿಚ್ಚುತ್ತದೆ. ಹಾಗೇ ಬಿಟ್ಟರೆ ಜೂನಿನ ಮೊದಲ ನೆರೆಗೆ ಅಷ್ಟೂ ಚೀಲ ಒಡೆದು ಅಘನಾಶಿನಿಗೆ ಹೋಗುತ್ತದೆ. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ತಡೆಯುವವರಿಲ್ಲ. ನಮ್ಮ ಚೀಲದ ಎಳೆ ಉಂಚಳ್ಳಿ ಜಲಪಾತ ಹಾರಿ ಕುಮಟಾದ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರ ಕಾಲಿಗೆ ಸುತ್ತಿಕೊಳ್ಳಬೇಕು, ಅಷ್ಟೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ, ಬಂದಿದೆ.

ಮೊದಲ ವರ್ಷದ ಆ ಕೆಟ್ಟ ಬಾಂದಾರ ಬಿಚ್ಚಲು 2024ರ ಮೇನಲ್ಲಿ ಕರೆದರೆ ಐದು ಜನ ಬಂದೆವು. ಮದುವೆ, ಉಪನಯನ, ಪರೀಕ್ಷೆ, ಬೆಂಗಳೂರು, ಸೊಂಟನೋವು. ಆ ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಕಾಡಿನ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಜೋರಿತ್ತು. ಬೆಟ್ಟದ ಬದಿಗೆ ಇಳಿಯಲು ಮನೆಯವರು ಬಿಡುತ್ತಿಲ್ಲ ಅಂದವರ ಮಾತನ್ನು ಮಾತ್ರ ನಾನು ನೆಪ ಅನ್ನಲಾರೆ. ನಾವು ಐವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಟ್ಟ ಡೆಪಾ ತೈಲ ಮೈಗೆಲ್ಲ ಹಚ್ಚಿಕೊಂಡು, ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿಕೊಂಡು ಇಳಿದಿದ್ದೆವು. ಸಂಜೆ ಬಿಸಿನೀರು ಸ್ನಾನ, ಬಟ್ಟೆಯೆಲ್ಲ ಹಂಡೆಯ ಕುದಿನೀರಿಗೆ.

ಬಿಚ್ಚುವ ಕೆಲಸಕ್ಕೆ ಕಟ್ಟುವಾಗಿನ ಗಮ್ಮತ್ತಿಲ್ಲ. ಮರಳು ಕಲ್ಲಿನಂತೆ ಕೂತಿರುತ್ತದೆ. ಲೋಳೆ, ಕೊಳೆತ ಎಲೆಯ ವಾಸನೆ, ಎರಡನೇ ಸಾಲಿನಿಂದ ಕೆಳಗೆ ಪ್ರತಿ ಸಂದಿಯಲ್ಲೂ ಒಂದು ಏಡಿ. ಹೊಲಿಗೆ ಬಿಚ್ಚಿ ಮರಳನ್ನು ಹಳ್ಳಕ್ಕೇ ಸುರಿದು, ಚೀಲ ತೊಳೆದು, ಎಣಿಸಿ ದಡಕ್ಕೆ ಎಸೆಯಬೇಕು. ಒಂದು ಚೀಲದೊಳಗೆ ಯಾವುದೋ ಗಿಡದ ಬೇರು ನುಗ್ಗಿ ಮರಳನ್ನೆಲ್ಲ ಬಲೆಯಂತೆ ಹಿಡಿದಿತ್ತು. ಅಲುಗಾಡಿಸಿದರೂ ಸುರಿಯಲಿಲ್ಲ, ಹಲ್ಲು ಕಚ್ಚಿದ ಹಾಗಿತ್ತು. ಎರಡು ಭಾನುವಾರ ಹಿಡಿಯಿತು. ಯಾರೂ ಫೋಟೋ ತೆಗೆಯಲಿಲ್ಲ, ಎಲ್ಲರ ಕೈಯೂ ಲೋಳೆ.

ಅದಾದ ಮೇಲೆ ಒಂದು ನಿಯಮ ತಂದೆ: ಮೇ ತಿಂಗಳಲ್ಲಿ ಹಳ್ಳಕ್ಕೆ ಇಳಿಯದವನಿಗೆ ಡಿಸೆಂಬರಿನಲ್ಲಿ ಜರ್ಸಿ ಇಲ್ಲ. ದೊಡ್ಡ ಗಲಾಟೆಯಾಗಿ ಕಡೆಗೆ ಎಲ್ಲರೂ ಒಪ್ಪಿದರು. 2025ರ ಮೇ 25ರ ಭಾನುವಾರ ಗೊತ್ತು ಮಾಡಿದೆವು. ಮುಂಗಾರು ನಮ್ಮಲ್ಲಿಗೆ ಬರುವುದು ಜೂನ್ ಮೊದಲ ವಾರ, ಹತ್ತು ದಿನದ ಅವಕಾಶ ಉಂಟು ಅಂತ ಲೆಕ್ಕ.

ಆ ವರ್ಷದ ಮಳೆ ನಿಮಗೆ ನೆನಪಿರಬಹುದು. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು, ಅದಕ್ಕೂ ನಾಲ್ಕೈದು ದಿನ ಮುಂಚೆಯೇ ನಮ್ಮಲ್ಲಿ ಹೊಡೆಯಲು ಶುರುವಾಗಿತ್ತು. 20ನೇ ತಾರೀಖು ಮಂಗಳವಾರ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ನೀರು ಕೆಂಪಾಗಿ ಚೀಲಗಳ ಮೇಲಿಂದ ಇಡೀ ಅಗಲಕ್ಕೆ ಹಾರುತ್ತಿತ್ತು. ಗುಂಪಿಗೆ ಮೆಸೇಜು ಹಾಕಿದೆ. ನೆಟ್‌ವರ್ಕು ಇಲ್ಲ, ಕರೆಂಟು ರಾತ್ರಿಯೇ ಹೋಗಿದೆ. ಬೈಕಿನಲ್ಲಿ ಮನೆಮನೆ ತಿರುಗಿದ್ದಕ್ಕೆ ಆರು ಜನ ಸಿಕ್ಕೆವು. ಆರರಲ್ಲಿ ಒಬ್ಬಳು ನನ್ನ ತಂಗಿ, ಇನ್ನೊಬ್ಬರು ಕೆಳಗಿನಮನೆ ಅಜ್ಜನ ಸೊಸೆ, ಸೀರೆ ಕಚ್ಚೆ ಹಾಕಿ ನಮಗಿಂತ ಮೊದಲು ನೀರಿಗೆ ಇಳಿದವರು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ತುದಿಯನ್ನು ದಡದ ಹೊನ್ನೆಮರಕ್ಕೆ ಸುತ್ತಿ, ಬದಿಯಿಂದಲ್ಲದೆ ನಡುವಿನಿಂದ ಬಿಚ್ಚುತ್ತ ಬಂದೆವು. ಮಧ್ಯಾಹ್ನ ಒಂದೂವರೆಗೆ ನೀರು ಎದೆಗೆ ಬಂತು, ಎಲ್ಲರನ್ನೂ ಮೇಲೆ ಹತ್ತಿಸಿದೆ. ಎಣಿಸಿದರೆ 297 ಚೀಲ. ಸಿಲ್ಪಾಲಿನ್ ಅರ್ಧ ಸಿಕ್ಕಿತು. ಉಳಿದ 115 ಚೀಲ ಅವತ್ತು ರಾತ್ರಿ ಹೋದವು. ಅಡಿಕೆ ತೋಟದ ದಂಡೆ ಮಾತ್ರ ಈ ಸಲ ಒಂದು ಹಿಡಿಯೂ ಕುಸಿಯಲಿಲ್ಲ.

ನಿಯಮದ ಪ್ರಕಾರ ನೋಡಿದರೆ ಜರ್ಸಿಗೆ ಅರ್ಹರು ಆರೇ ಜನ. ಆರರಲ್ಲಿ ಇಬ್ಬರು ವಾಲಿಬಾಲ್ ಆಡಿದವರಲ್ಲ. ಬರಬೇಕಾದ ಭಾನುವಾರಕ್ಕೆ ರಜೆ ಹಾಕಿ ಬಸ್ ಟಿಕೆಟ್ ಮಾಡಿಸಿದ್ದವರದು ತಪ್ಪಾ? ತಪ್ಪು ತಾರೀಖು ಇಟ್ಟ ನನ್ನದು. ಕಡೆಗೆ ಆಷಾಢದ ಮಳೆ ಇಳಿದು, ದಸರೆ ರಜೆಯಲ್ಲಿ ಹುಡುಗರೆಲ್ಲ ಊರಿಗೆ ಬಂದಾಗ ಒಂದು ರಾಜಿ ಮಾಡಿಕೊಂಡೆವು: ಹಳ್ಳದಗುಂಟ ಕೆಳಗೆ ನಡೆದು, ಕೊಚ್ಚಿಹೋದ ಚೀಲ ಹುಡುಕಿ ತಂದವರಿಗೂ ಜರ್ಸಿ. ಹದಿಮೂರು ಜನ ಎರಡು ದಿನ ನಡೆದರು. ಉಂಬಳ ಕಚ್ಚಿಸಿಕೊಂಡು, ಬಿದಿರು ಮೆಳೆಗಳೊಳಗೆ ತೂರಿ, ಕೆಳಗಿನೂರಿನ ಕಾಲುಸಂಕದ ಕಂಬಕ್ಕೆ ಸುತ್ತಿಕೊಂಡಿದ್ದ ಹನ್ನೊಂದನ್ನು ಕತ್ತಿಯಲ್ಲಿ ಕೊಯ್ದು, ಒಟ್ಟು 64 ತಂದರು. ಬಾಕಿ 51. ಅವು ಎಲ್ಲಿವೆ ಎಂಬುದು ಈಗ ನದಿಗೇ ಗೊತ್ತು. ತಂಡದ ಲೆಕ್ಕದ ಪುಸ್ತಕದಲ್ಲಿ ಜಮಾ-ಖರ್ಚಿನ ಪಕ್ಕ "ಚೀಲ ಬಾಕಿ 51" ಅಂತ ಬರೆಸಿದ್ದೇನೆ. ನಮ್ಮ ಲಿಫ್ಟರ್‌ಗೆ ಅದು ಇಷ್ಟವಿಲ್ಲ, ಊರವರು ಪುಸ್ತಕ ನೋಡುತ್ತಾರೆ ಅನ್ನುತ್ತಾನೆ. ನೋಡಲಿ.

ಈ ವರ್ಷದ ಬಾಂದಾರಕ್ಕೆ ತಾರೀಖು ಹಾಕುವಾಗ ಮೊದಲು ಬಿಚ್ಚುವ ದಿನ ಬರೆದೆವು: ಮೇ ತಿಂಗಳ ಎರಡನೇ ಭಾನುವಾರ, ಮೇ 10. ನೀರು ಎರಡು ವಾರ ಕಡಿಮೆ ಸಿಗುತ್ತದೆ, ಸಿಗಲಿ. ಆ ದಿನ ಬರುತ್ತೇನೆಂದು ಸಹಿ ಹಾಕಿದವರಿಗೆ ಮಾತ್ರ ಕಟ್ಟುವ ದಿನ ಗುದ್ದಲಿ. ಹದಿನಾಲ್ಕು ಸಹಿ ಆಗಿದೆ, ಎರಡು ಹುಡುಗಿಯರದ್ದು. ಅವರಿಗೆ ತಂಡವೇ ಇಲ್ಲ, ಜರ್ಸಿ ಮಾತ್ರ ಬೇಕಂತೆ. ಅದರ ತೀರ್ಮಾನ ಇನ್ನೂ ಆಗಿಲ್ಲ.

ಅಜ್ಜನ ಕೊಟ್ಟಿಗೆಯ ಅಟ್ಟದಲ್ಲಿ ತೊಳೆದು ಒಣಗಿಸಿದ ಚೀಲಗಳಿವೆ. ಒಂದೊಂದನ್ನೂ ಮುಷ್ಟಿಯಲ್ಲಿ ಹಿಂಡಿ ನೋಡಿದೆವು. ಪುಡಿ ಉದುರಿದ್ದನ್ನೆಲ್ಲ ತೆಗೆದಿಟ್ಟ ಮೇಲೆ 140 ಉಳಿದವು. ಇನ್ನೂ 270 ಬೇಕು. ಈ ಕಡೆ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಸಿಮೆಂಟ್ ಚೀಲ ಸುಡಬೇಡಿ, ಬಿಸಿಲಿಗೂ ಹಾಕಬೇಡಿ, ಒಳಗೆ ಒಟ್ಟಿಡಿ. ಬೈಕಿನಲ್ಲಿ ಬಂದು ಒಯ್ಯುತ್ತೇವೆ.