ಕೊಲೆಗಾರನ ಹೆಸರು ಬಾಯಿತಪ್ಪಿ ಹೊರಬೀಳದಿರಲು
1989ರಿಂದ 2013ರವರೆಗೆ 70 ಕಂತುಗಳಲ್ಲಿ ಪ್ರಸಾರವಾದ ‘ಪೊಯರೋ’ದಂತಹ ಪತ್ತೇದಾರಿ ಧಾರಾವಾಹಿಯನ್ನು ಎಲ್ಲರೂ ಒಂದೇ ವೇಗದಲ್ಲಿ ನೋಡುವುದಿಲ್ಲವಾದ್ದರಿಂದ, ಗುಂಪಿನಲ್ಲಿ ಅದರ ಬಗ್ಗೆ ಬರೆಯುವ ಮುನ್ನ ಮೊದಲ ಸಾಲಿನಲ್ಲಿಯೇ ಸೀಸನ್ ಮತ್ತು ಕಂತಿನ ಸಂಖ್ಯೆಯನ್ನು ನಮೂದಿಸಿ. ಟೆಲಿಗ್ರಾಮ್‌ನಲ್ಲಿ ಗುಟ್ಟಿನ ಭಾಗವನ್ನು ಆಯ್ದು ‘ಸ್ಪಾಯ್ಲರ್’ ಎಂಬ ವಿನ್ಯಾಸವನ್ನು ಕೊಟ್ಟರೆ, ಓದುಗರು ತಾವಾಗಿ ಮುಟ್ಟುವವರೆಗೂ ಅದು ಮಸುಕಾಗಿಯೇ ಇರುತ್ತದೆ; ಡಿಸ್ಕಾರ್ಡ್‌ನಲ್ಲಿ ಆ ಭಾಗದ ಎರಡೂ ಬದಿಗೆ ಎರಡೆರಡು ಲಂಬ ಗೆರೆಗಳನ್ನು ಹಾಕಿದರೆ ಸಾಕು.

ಆದರೆ ಗುಟ್ಟು ರಟ್ಟಾಗುವುದು ಹೆಸರಿನಿಂದ ಮಾತ್ರವಲ್ಲ. ‘ಕೊನೆಯ ಹತ್ತು ನಿಮಿಷ ತಪ್ಪಿಸಬೇಡಿ’ ಎಂಬ ಉತ್ಸಾಹದ ಮಾತು ತಿರುವಿದೆಯೆಂಬುದನ್ನು ಮೊದಲೇ ಸಾರಿಬಿಡುತ್ತದೆ. ಸಣ್ಣ ಪಾತ್ರದಲ್ಲಿ ಬಂದುಹೋಗುವ ಪ್ರಸಿದ್ಧ ನಟನನ್ನು ಹೊಗಳಿದರಂತೂ, ಅಷ್ಟು ದೊಡ್ಡ ನಟನಿಗೆ ಅಷ್ಟು ಚಿಕ್ಕ ಪಾತ್ರವೇಕೆ ಎಂದು ಯೋಚಿಸುವ ಚುರುಕು ಪ್ರೇಕ್ಷಕರು ಅಪರಾಧಿಯನ್ನು ಅಲ್ಲಿಯೇ ಹಿಡಿದುಬಿಡುತ್ತಾರೆ. (ಈ ತಪ್ಪನ್ನು ನಾನೇ ಎರಡು ಸಲ ಮಾಡಿದ್ದೇನೆ.)

ಪೀಟರ್ ಫಾಕ್ ಅಭಿನಯದ ‘ಕೊಲಂಬೋ’ ಎಂಬ ಪತ್ತೇದಾರಿ ಧಾರಾವಾಹಿಯ ವಿಷಯ ಬೇರೆ. ಅದರಲ್ಲಿ ಕೊಲೆಗಾರ ಯಾರೆಂಬುದು ಸಾಮಾನ್ಯವಾಗಿ ಆರಂಭದಲ್ಲಿಯೇ ತಿಳಿಯುವುದರಿಂದ, ಅವನು ಸಿಕ್ಕಿಬೀಳುವ ಬಗೆಯನ್ನು ಮರೆಮಾಡಬೇಕೇ ಹೊರತು ಅವನ ಹೆಸರನ್ನಲ್ಲ.