ಪಾಪದ ಬಗ್ಗೆ ಪ್ರಸಂಗ ಮಾಡಬೇಕಾ? ಹೀಗೆ ಸಿದ್ಧ ಮಾಡಿಕೊಳ್ಳಿ

ಕಳೆದ ವಾರ ನಮ್ಮ ಯುವಜನ ಕೂಟದ ಹುಡುಗನೊಬ್ಬ ಮನೆಗೆ ಬಂದ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ ಮೂರನೇ ಭಾನುವಾರ ನಮ್ಮ ಚರ್ಚಿನ ಪಾಸ್ಟರ್, ಅಂದರೆ ಸಭಾಪಾಲಕರಿಗೆ ಬೇರೆ ಊರಲ್ಲಿ ಆರಾಧನೆ ಇದೆ. ಆರಾಧನೆಯ ಉಪದೇಶ, ಅಂದರೆ ಪ್ರಸಂಗ, ಇವನ ಪಾಲಿಗೆ ಬಂದಿದೆ. "ಕಾಕಾ, ಪಾಪ, ಪಶ್ಚಾತ್ತಾಪ, ಕ್ಷಮೆ ಅಂತ ವಿಷಯ ಕೊಟ್ಟಿದ್ದಾರೆ. ಮೊಬೈಲ್‌ನಲ್ಲಿ ಹತ್ತು ಪ್ರಸಂಗ ಕೇಳಿದೆ. ಐದರಲ್ಲಿ ಬರೀ ನರಕ. ಇನ್ನೈದರಲ್ಲಿ ಬರೀ ಆಶೀರ್ವಾದ. ನಾನು ಏನ್ ಹೇಳ್ಲಿ?" ಅಂದ.

ನಾನು ಗದಗದ ಕಡೆಯವನು. ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದೆ. ಸಭಾಪಾಲಕರು ಇಲ್ಲದ ಭಾನುವಾರಗಳಲ್ಲಿ ಪೀಠ ಹತ್ತಿ ಮಾತಾಡಿದೆ. ದೇವಶಾಸ್ತ್ರದ ಕಾಲೇಜಿಗೆ ಹೋದವನಲ್ಲ. ಆದರೆ ಈ ವಿಷಯವನ್ನು ತಪ್ಪಾಗಿ ಹೇಳಿದರೆ ಮನುಷ್ಯರು ಹೇಗೆ ಮುರಿಯುತ್ತಾರೆ, ಸರಿಯಾಗಿ ಹೇಳಿದರೆ ಹೇಗೆ ಏಳುತ್ತಾರೆ ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ "ಪಾಪ" ಅನ್ನೋ ಮಾತಿಗೆ ಎರಡು ಮುಖ. ಮಗು ಎಡವಿ ಬಿದ್ದರೆ "ಅಯ್ಯೋ ಪಾಪ" ಅಂತೀವಿ. ಕದ್ದವನನ್ನು ಕಂಡರೆ "ಪಾಪ ಸುತ್ತಿಕೊಳ್ಳುತ್ತೆ" ಅಂತೀವಿ. ಪೀಠದಿಂದ ನೀವು "ಪಾಪ" ಅಂದಾಗ ಎದುರು ಕೂತ ಅಜ್ಜಿಗೆ ಜಾಸ್ತಿ ಕೇಳಿಸೋದು ಎರಡನೆಯದೇ. ಅವಳ ಮನಸ್ಸಿನಲ್ಲಿ ಒಂದು ತಕ್ಕಡಿ ಏಳುತ್ತೆ. ಒಂದು ಕಡೆ ಪಾಪ, ಇನ್ನೊಂದು ಕಡೆ ಪುಣ್ಯ. ಉಪವಾಸ, ಕಾಣಿಕೆ, ಪ್ರಾರ್ಥನೆ ಎಲ್ಲವನ್ನೂ ಪುಣ್ಯದ ತಟ್ಟೆಗೆ ಹಾಕುತ್ತಾ ಕೂರುತ್ತಾಳೆ. ತಕ್ಕಡಿ ಯಾವತ್ತೂ ಸಮ ಆಗೋದಿಲ್ಲ. ಅದಕ್ಕೇ ಅವಳಿಗೆ ಭಯ.

ಹಾಗಾಗಿ ಮೊದಲ ಮುಖವನ್ನು ಬಿಡಬೇಡಿ. ಯೇಸು ಜನರ ಗುಂಪನ್ನು ನೋಡಿದಾಗ, ಕುರುಬನಿಲ್ಲದ ಕುರಿಗಳ ಹಾಗೆ ಇದ್ದಾರಲ್ಲ ಅಂತ ಅವನ ಕರುಳು ಚುರುಕ್ ಅಂತು. ದೇವರು ಪಾಪಿಯನ್ನು ನೋಡಿ "ಅಯ್ಯೋ ಪಾಪ" ಅಂದನು. ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಅಲ್ಲಿಂದಲೇ ಶುರು. ಇದನ್ನು ಪ್ರಸಂಗದ ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. ಕೊನೆಗೆ ಇಟ್ಟುಕೊಂಡರೆ ಅಷ್ಟರಲ್ಲಿ ಅರ್ಧ ಜನ ಮನಸ್ಸಿನ ಬಾಗಿಲು ಹಾಕಿಕೊಂಡಿರುತ್ತಾರೆ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ "ಹಮಾರ್ತಿಯಾ" ಅನ್ನುತ್ತಾರೆ. ಗುರಿ ತಪ್ಪುವುದು ಅಂತ ಅರ್ಥ. ಇದನ್ನು ಎಲ್ಲ ಪ್ರಸಂಗಗಾರರೂ ಹೇಳುತ್ತಾರೆ. ಹೇಳಿ, ಆದರೆ ಅಲ್ಲೇ ನಿಲ್ಲಬೇಡಿ. ಬಾಣ ಗುರಿ ತಪ್ಪಿತು ಅಂದರೆ ಕೈ ನಡುಗಿತೇನೋ ಅನ್ನಿಸುತ್ತೆ. ಆಳಿನ ಕೂಲಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟವನ ಕೈ ನಡುಗಿರುವುದಿಲ್ಲ. ಗೊತ್ತಿದ್ದೇ ಮಾಡಿರುತ್ತಾನೆ.

"ಪಶ್ಚಾತ್ತಾಪ" ಅನ್ನೋದು ಆಮೇಲೆ ಸುಡುವ ಬೇಗೆ. ಒಳ್ಳೆಯ ಮಾತು. ಆದರೆ ಬೇಗೆ ಮಾತ್ರ ಸಾಲದು. ಯೇಸುವನ್ನು ಹಿಡಿದುಕೊಟ್ಟು ಪಡೆದ ಮೂವತ್ತು ಬೆಳ್ಳಿ ನಾಣ್ಯ ದೇವಾಲಯದಲ್ಲಿ ಬಿಸಾಡಿದ ಶಿಷ್ಯ ಯೂದನಿಗೂ ಬೇಗೆ ಇತ್ತು. ಯೇಸು ಯಾರೋ ಗೊತ್ತಿಲ್ಲ ಅಂದು, ಕೋಳಿ ಕೂಗಿದಾಗ ಬಿಕ್ಕಿ ಬಿಕ್ಕಿ ಅತ್ತ ಶಿಷ್ಯ ಪೇತ್ರನಿಗೂ ಇತ್ತು. ಪೇತ್ರ ತಿರುಗಿ ಬಂದ, ಯೂದ ಬರಲಿಲ್ಲ. ವ್ಯತ್ಯಾಸ ಇಷ್ಟೇ. ಹೀಬ್ರೂವಿನ "ಶೂವ್" ಅನ್ನೋ ಮಾತಿಗೂ ತಿರುಗಿ ಬಾ ಅಂತಲೇ ಅರ್ಥ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಸ್ನಾನಿಕನಾದ ಯೋಹಾನ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅನ್ನುತ್ತಾನೆ. ಎಷ್ಟು ಚೆನ್ನಾಗಿದೆ ನೋಡಿ. ಹೊಲದ ದಾರಿ ತಪ್ಪಿದವನೂ ಅದನ್ನೇ ಮಾಡುತ್ತಾನೆ. ನಿಂತು ಅಳುತ್ತಾ ಇರುವುದಿಲ್ಲ, ಮೈ ತಿರುಗಿಸಿ ನಡೆಯುತ್ತಾನೆ. ಒಂದೇ ಸಲ ಅಲ್ಲ, ಪದೇ ಪದೇ. ಚರ್ಚಿನ ಸುಧಾರಣೆಗೆ ನಿಂತ ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ಬರೆದ 95 ವಾಕ್ಯಗಳಲ್ಲಿ ಮೊದಲನೆಯದೇ ಇದು: ವಿಶ್ವಾಸಿಯ ಇಡೀ ಬಾಳೇ ತಿರುಗಿಕೊಳ್ಳುವುದಾಗಿರಬೇಕು.

ಪಾಪಕ್ಕೆ ಹೆಸರಿಡಿ, ಪಾಪಿಗೆ ಬೇಡ

ನಮ್ಮ ಸಭೆಗಳಲ್ಲಿ ಪಾಪದ ಪ್ರಸಂಗ ಅಂದರೆ ಕುಡಿತ, ಗುಟ್ಕಾ, ಸಿನಿಮಾ. ಕುಡಿಯದವರು ಆರಾಮಾಗಿ ಕೇಳಿ ಮನೆಗೆ ಹೋಗುತ್ತಾರೆ. ಪಕ್ಕದವನಿಗೆ ಚೆನ್ನಾಗಿ ಹೇಳಿದ್ರು ಅಂದುಕೊಳ್ಳುತ್ತಾರೆ. ಶನಿವಾರ ರಾತ್ರಿ ಒಂದು ಹಾಳೆ ತೆಗೆದುಕೊಂಡು ನಿಮ್ಮ ಊರಲ್ಲಿ ದಿನಾ ನಡೆಯುವುದನ್ನು ಬರೆಯಿರಿ. ತಂಗಿಯ ಪಾಲಿನ ಹೊಲಕ್ಕೆ ಅವಳಿಂದ ಸಹಿ ಹಾಕಿಸಿಕೊಂಡು ಒಂದು ಸೀರೆ ಕೊಟ್ಟು ಕಳಿಸುವುದು. ರಾತ್ರೋರಾತ್ರಿ ಬದು ಸರಿಸುವುದು. ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿ ಗಡಿಕಲ್ಲು ಸರಿಸುವವನಿಗೆ ಶಾಪ ಇದೆ, ಅದನ್ನು ಓದಿ ಹೇಳಿ. ಯಾರದೋ ಮಗಳ ಬಗ್ಗೆ ಬಂದ ಮೆಸೇಜನ್ನು ಸುಮ್ನೆ ಇನ್ನೊಂದು ಗ್ರೂಪಿಗೆ ದಾಟಿಸುವುದು. ಚರ್ಚಿನ ಪ್ರಭುಭೋಜನದಲ್ಲಿ ಒಂದೇ ಬಟ್ಟಲಿನಲ್ಲಿ ದ್ರಾಕ್ಷಾರಸ ಕುಡಿದು ಬಂದು, ಮದುವೆ ಮಾತಿಗೆ ಕೂತಾಗ "ಅವರು ಮೊದಲು ಯಾವ ಜಾತಿಯವರು?" ಅಂತ ಕೇಳುವುದು. ಇದನ್ನು ಹೇಳಿದಾಗ ಚರ್ಚಿನಲ್ಲಿ ಫ್ಯಾನಿನ ಸದ್ದು ಕೇಳಿಸುತ್ತೆ. ಹೆದರಬೇಡಿ, ಹೇಳಿ. ಹೇಳುವಾಗ "ನೀವು" ಅನ್ನಬೇಡಿ, "ನಾವು" ಅನ್ನಿ.

ಹೇಗೆ ಹೇಳಬೇಕು ಅನ್ನೋದನ್ನು ಬೈಬಲಿನ ಪ್ರವಾದಿ ನಾತಾನನಿಂದ ಕಲಿಯಿರಿ. ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡು ಅವನನ್ನು ಕೊಲ್ಲಿಸಿದ ದಾವೀದ ರಾಜನ ಮುಂದೆ ನಾತಾನ ಬೈಯಲಿಲ್ಲ. ಶ್ರೀಮಂತನೊಬ್ಬ ಕಿತ್ತುಕೊಂಡ, ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ತೀರ್ಪು ದಾವೀದನ ಬಾಯಿಂದಲೇ ಬಂತು. ಆಮೇಲಷ್ಟೇ "ಆ ಮನುಷ್ಯನು ನೀನೇ" ಅಂದ. ಇನ್ನೊಂದು ವಿಷಯ ಗಮನಿಸಿ. ಅದನ್ನು ರಾಜನಿಗೆ ಎದುರಾಎದುರೇ ಹೇಳಿದ, ಊರ ಚೌಕದಲ್ಲಿ ನಿಂತು ಕೂಗಲಿಲ್ಲ.

ಇದನ್ನು ನಾನು ಕಲಿತದ್ದು ಕಷ್ಟದಿಂದ. ಸುಮಾರು ಹದಿನೈದು ವರ್ಷದ ಹಿಂದೆ ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯನ ಮೇಲೆ ಪ್ರಸಂಗ ಮಾಡುತ್ತಿದ್ದೆ. ಉದಾಹರಣೆಗೆ ಅಂತ ಸಂಘದ ಒಬ್ಬ ಸಾಲಗಾರನ ಮಾತು ತೆಗೆದೆ. ಹೆಸರು ಹೇಳಲಿಲ್ಲ. ಬೀಜಕ್ಕೆ ಅಂತ ಸಾಲ ತೆಗೆದು ಬೈಕ್ ಕೊಂಡ ಒಬ್ಬ, ಅಂದೆ ಅಷ್ಟೇ. ನಮ್ಮ ಸಭೆಯಲ್ಲಿ ನಲವತ್ತು ಮನೆ. ಆ ವರ್ಷ ಹೊಸ ಬೈಕ್ ಬಂದದ್ದು ಒಂದೇ ಮನೆಗೆ. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ನಾನು ಪ್ರಸಂಗ ಮುಗಿಸಿಯೇ ಇಳಿದೆ. ಎಂಟು ತಿಂಗಳು ಆ ಮನೆಯವರು ಚರ್ಚಿಗೆ ಬರಲಿಲ್ಲ.

ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋದೆ. ಅವನು ಅಂಗಳದಲ್ಲಿ ಕಡಲೆ ತೂರುತ್ತಿದ್ದ. ನನ್ನನ್ನು ನೋಡಿದರೂ ಮೊರ ಕೆಳಗಿಡಲಿಲ್ಲ. ಹೊಟ್ಟು ಹಾರಿ ಬಂದು ನನ್ನ ಅಂಗಿಗೆ ಅಂಟುತ್ತಿತ್ತು. "ತಪ್ಪಾಯ್ತಪ್ಪಾ. ನಿನ್ನ ಲೆಕ್ಕ ನನ್ನ ಹತ್ರ ನಂಬಿಕೆಯಿಂದ ಇಟ್ಟದ್ದು. ಅದನ್ನು ಎಲ್ಲರ ಮುಂದೆ ಬಿಚ್ಚಿದೆ. ಹೊಟ್ಟೆಗೆ ಹಾಕ್ಕೋ" ಅಂದೆ. ಅವನು ಇನ್ನೆರಡು ಮೊರ ತೂರಿದ. ಆಮೇಲೆ ಹೇಳಿದ: "ಕಾಕಾ, ಬೈಕ್ ನಮ್ಮ ಮಾವ ಕೊಡ್ಸಿದ್ದು. ಸಾಲ ಬೀಜಕ್ಕೇ ಹೋಗಿತ್ತು. ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

ಅವನನ್ನು ಕೇಳಿ, ಅವನು ಹೂಂ ಅಂದ ಮೇಲೆ, ಮುಂದಿನ ಭಾನುವಾರ ಅದೇ ಪೀಠದಿಂದ ನಾನು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡೆ. ಎಲ್ಲಿ ಒಬ್ಬರ ಮಾನ ತೆಗೆದೆವೋ ಅಲ್ಲೇ ಅದನ್ನು ತಿರುಗಿ ಕೊಡಬೇಕು. ಜಕ್ಕಾಯನೂ ಕಣ್ಣೀರು ಹಾಕಿ ಸುಮ್ಮನಾಗಲಿಲ್ಲವಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ನಿಮ್ಮ ಪ್ರಸಂಗದಲ್ಲಿ ತಿರುಗಿ ಕೊಡುವ ಮಾತು ಇಲ್ಲದಿದ್ದರೆ ಪಶ್ಚಾತ್ತಾಪದ ಮಾತು ಅರ್ಧಕ್ಕೇ ನಿಂತಿತು ಅಂತ ತಿಳಿಯಿರಿ.

ಕ್ಷಮೆಯನ್ನು ಲೆಕ್ಕ ಹಾಕಿ ತೋರಿಸಿ

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವನ್ನು, ಅಂದರೆ ಹೋಲಿಕೆಯ ಕಥೆಯನ್ನು ಓದಿ, ಅರ್ಥ ಹೇಳಿ, ಅಂಕಿಗಳನ್ನು ಹಾಗೇ ಹಾರಿಸಿ ಹೋಗುವವರೇ ಜಾಸ್ತಿ. ನಾನು ಲೆಕ್ಕದವನಾದ್ದರಿಂದ ನನಗೆ ಅದು ಸಹಿಸುವುದಿಲ್ಲ. ಒಬ್ಬ ಆಳು ರಾಜನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ 6 ಕೋಟಿ ದಿನದ ಕೂಲಿ. ದಿನಕ್ಕೆ 500 ರೂಪಾಯಿ ಹಿಡಿದರೂ 3,000 ಕೋಟಿ. ವರ್ಷಕ್ಕೆ 300 ದಿನ ದುಡಿದರೆ ತೀರಿಸಲು 2 ಲಕ್ಷ ವರ್ಷ ಬೇಕು. ಅವನು "ತಾಳಿಕೋ, ಎಲ್ಲ ತೀರಿಸ್ತೀನಿ" ಅಂತಾನೆ! ರಾಜ ಕನಿಕರಪಟ್ಟು ಎಲ್ಲ ಬಿಟ್ಟುಬಿಡುತ್ತಾನೆ. ಆಳು ಹೊರಗೆ ಬರುತ್ತಾನೆ, 100 ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ನಮ್ಮ ಲೆಕ್ಕದಲ್ಲಿ 50,000 ರೂಪಾಯಿ. ಅದೇನೂ ಸಣ್ಣ ಮೊತ್ತ ಅಲ್ಲ, ಅದನ್ನೂ ಹೇಳಿ. ಬೇರೆಯವರು ನಮಗೆ ಮಾಡಿದ ತಪ್ಪು ಸುಳ್ಳಲ್ಲ, ಅದು ನೂರು ದಿನದ ಬೆವರು. ಅದನ್ನು 3,000 ಕೋಟಿಯ ಪಕ್ಕ ಇಟ್ಟು ನೋಡು ಅನ್ನುತ್ತಾನೆ ಯೇಸು.

ನಮ್ಮ ಕಡೆಯ ಜನಕ್ಕೆ "ಮನ್ನಾ" ಅನ್ನೋ ಮಾತು ಕೂಡಲೇ ಹತ್ತುತ್ತೆ. 2017ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ ತಲಾ 50,000 ರೂಪಾಯಿವರೆಗೆ ಮನ್ನಾ ಮಾಡಿತು. ಹೊರಗೆ ನಿಂತವರಿಗೆ ಸಾಲ ಗಾಳಿಯಲ್ಲಿ ಕರಗಿಹೋಯಿತು ಅನ್ನಿಸಿತು. ಲೆಡ್ಜರ್ ಬರೆಯುವವನಿಗೆ ಗೊತ್ತು, ಸಾಲ ಕರಗುವುದಿಲ್ಲ. ರೈತ ಕಟ್ಟದಿದ್ದರೆ ಆ ಹಣವನ್ನು ಸರ್ಕಾರ ತುಂಬಬೇಕು. ರೈತನ ಹಾಳೆಯಲ್ಲಿ ಬಾಕಿ ಸೊನ್ನೆ ಆಗಬೇಕಾದರೆ ಇನ್ನೊಂದು ಹಾಳೆಯಲ್ಲಿ ಯಾರೋ ಕಟ್ಟಿರಬೇಕು. ಶಿಲುಬೆಯ ಬಗ್ಗೆ ಹೇಳುವಾಗ ನಾನು ಇದನ್ನೇ ಹೇಳುತ್ತೇನೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಸರ್ಕಾರ ಕೊಟ್ಟದ್ದು ನಮ್ಮದೇ ತೆರಿಗೆ ಹಣ, ಕ್ರಿಸ್ತನು ಕೊಟ್ಟದ್ದು ತನ್ನನ್ನು. ಆ ವ್ಯತ್ಯಾಸವನ್ನೂ ಬಾಯಿಬಿಟ್ಟು ಹೇಳಿ. ನಾವು ಕ್ಷಮೆ ಕೇಳುವಾಗ "ಹೊಟ್ಟೆಗೆ ಹಾಕ್ಕೊಳ್ಳಿ" ಅಂತೀವಲ್ವಾ? ಕ್ಷಮಿಸುವವನು ಆ ಕಹಿಯನ್ನು ಹೊರಗೆ ಉಗಿಯದೆ ತನ್ನೊಳಗೆ ಇಟ್ಟುಕೊಳ್ಳುತ್ತಾನೆ. ಕ್ರಿಸ್ತನು ನಮ್ಮ ಪಾಪಗಳನ್ನು ತನ್ನ ದೇಹದಲ್ಲೇ ಹೊತ್ತನು ಅಂತ ಪೇತ್ರ ಬರೆದದ್ದು ನಮ್ಮ ಅವ್ವಂದಿರ ಈ ಮಾತಿನಿಂದ ಥಟ್ಟನೆ ಅರ್ಥವಾಗುತ್ತೆ.

ಕ್ಷಮೆಯ ಹೆಸರಲ್ಲಿ ಯಾರನ್ನೂ ಅಪಾಯಕ್ಕೆ ತಳ್ಳಬೇಡಿ

ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಎದುರಿನ ಬೆಂಚಿನಲ್ಲಿ ಗಂಡನಿಂದ ಹೊಡೆತ ತಿಂದು ಬಂದ ಹೆಣ್ಣುಮಗಳು ಕೂತಿರಬಹುದು. ನೀವು "ಏಳೆಪ್ಪತ್ತು ಸಾರಿ ಕ್ಷಮಿಸು" ಅಂತ ಮಾತ್ರ ಹೇಳಿ ಇಳಿದರೆ, ತಿರುಗಿ ಹೋಗಿ ಹೊಡೆತ ತಿನ್ನು ಅಂತ ಅವಳಿಗೆ ಕೇಳಿಸುತ್ತೆ. ಕ್ಷಮಿಸುವುದು ಬೇರೆ, ಅದೇ ಮನೆಗೆ ಹೋಗುವುದು ಬೇರೆ, ಪೊಲೀಸರಿಗೆ ಹೇಳದೆ ಮುಚ್ಚಿಡುವುದು ಬೇರೆ. ಪೀಠದಿಂದಲೇ ಇದನ್ನು ಬಿಡಿಸಿ ಹೇಳಿ. ಮಹಿಳಾ ಸಹಾಯವಾಣಿ 181 ಅಂತಲೂ ಹೇಳಿ. ಪ್ರಸಂಗದಲ್ಲಿ ಫೋನ್ ನಂಬರ್ ಏಕೆ ಅಂತ ಕೆಲವು ಹಿರಿಯರು ಕೇಳಬಹುದು. ಕೇಳಲಿ.

ಇಲ್ಲಿ ನಾನು ಗ್ಲಾಡಿಸ್ ಸ್ಟೇನ್ಸ್ ಅಮ್ಮನವರನ್ನು ನೆನೆಯುತ್ತೇನೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ, ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಜೀಪಿನಲ್ಲಿ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂದರು ಆ ತಾಯಿ. ಆಮೇಲೂ ಕೆಲವು ವರ್ಷ ಇಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮಾಡಿದರು. ಅವರು ಕ್ಷಮಿಸಿದರು ಅಂತ ಕೇಸು ನಿಲ್ಲಲಿಲ್ಲ. 2003ರಲ್ಲಿ ಮುಖ್ಯ ಆರೋಪಿ ಅಪರಾಧಿ ಅಂತ ತೀರ್ಪಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆ, ನ್ಯಾಯ ಎರಡೂ ಒಟ್ಟಿಗೆ ನಡೆದವು. ಈ ಕಥೆ ಹೇಳಿದ ಮೇಲೆ "ಅವರೇ ಕ್ಷಮಿಸಿದರು, ನಿನಗೇನು ಕಷ್ಟ?" ಅಂತ ಮಾತ್ರ ಯಾರಿಗೂ ಅನ್ನಬೇಡಿ. ಕೆಲವರಿಗೆ ಹತ್ತು ವರ್ಷ ಹಿಡಿಯುತ್ತೆ. ದೇವರು ಕಾಯುತ್ತಾನೆ, ನಾವೂ ಕಾಯಬೇಕು.

ಆ ದಿನ

ಇಪ್ಪತ್ತು ನಿಮಿಷ ಸಾಕು. ಬೈಬಲಿನ ಒಂದೇ ವಾಕ್ಯಭಾಗ ಹಿಡಿಯಿರಿ. ಅಳಿಸಲು ಕಥೆ ಹೇಳಬೇಡಿ, ಕೀಬೋರ್ಡ್ ನುಡಿಸುವವನಿಗೆ ಹಿನ್ನೆಲೆಯಲ್ಲಿ ನುಡಿಸು ಅನ್ನಬೇಡಿ. ಸಂಗೀತಕ್ಕೆ ಬಂದ ಕಣ್ಣೀರು ಗೇಟು ದಾಟುವಷ್ಟರಲ್ಲಿ ಒಣಗುತ್ತೆ. "ಇವತ್ತು ಕಾಣಿಕೆ ಕೊಟ್ಟರೆ ಶಾಪ ಮುರಿಯುತ್ತೆ" ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. ಕ್ಷಮೆಗೆ ಬೆಲೆ ಕಟ್ಟುವುದನ್ನು ವಿರೋಧಿಸಿಯೇ ಲೂಥರ್ ಆ ವಾಕ್ಯಗಳನ್ನು ಬರೆದದ್ದು.

ಪ್ರಸಂಗ ಮುಗಿದ ಮೇಲೆ ಒಂದು ನಿಮಿಷ ಎಲ್ಲರೂ ಸುಮ್ಮನಿರಲಿ. ಪೂರ್ತಿ ಒಂದು ನಿಮಿಷ. ಮನಸ್ಸಿನಲ್ಲಿ ಅರವತ್ತರವರೆಗೆ ಎಣಿಸಿ. ಮೂವತ್ತಕ್ಕೆ ಯಾರೋ ಕೆಮ್ಮುತ್ತಾರೆ, ನಲವತ್ತಕ್ಕೆ ಮಗು ಅಳುತ್ತೆ. ನೀವು ತಡೆದುಕೊಳ್ಳಿ. ಆಮೇಲೆ ಯೇಸು ಹೇಳಿದ ಕಥೆಯ ಸುಂಕದವನ ಪ್ರಾರ್ಥನೆಯನ್ನು ಎಲ್ಲರ ಕೈಲೂ ಹೇಳಿಸಿ: "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ಅದಾದ ಕೂಡಲೇ, ಪಾಪಗಳನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಅನ್ನುವ ಬೈಬಲಿನ 1 ಯೋಹಾನ 1:9 ಗಟ್ಟಿಯಾಗಿ ಓದಿ. ಅರಿಕೆ ಮಾಡಿದವರನ್ನು ಕ್ಷಮೆಯ ಮಾತು ಕೇಳಿಸದೆ ಮನೆಗೆ ಕಳಿಸಬಾರದು.

ಮುಗಿದ ಮೇಲೆ ಮನೆಗೆ ಅವಸರ ಮಾಡಬೇಡಿ. ಬೀಗದ ಕೈ ಇಸ್ಕೊಂಡು, ಬಾಗಿಲು ನಾನೇ ಹಾಕ್ತೀನಿ ಅಂತ ಹೇಳಿ ನಿಲ್ಲಿ. ಎಲ್ಲರೂ ಹೋದ ಮೇಲೂ ಚಪ್ಪಲಿ ಹುಡುಕುವ ಹಾಗೆ ಮಾಡುತ್ತಾ ಒಬ್ಬರು ಉಳಿದಿರುತ್ತಾರೆ. ಅವರು ಮೊದಲು ಮಳೆ, ಬೆಳೆ, ಬಸ್ಸಿನ ಟೈಮು ಅಂತ ಮಾತಾಡುತ್ತಾರೆ. ನೀವೂ ಅದನ್ನೇ ಮಾತಾಡುತ್ತಾ ಇರಿ.